ಖಾಲಿ ಮನೆಯಲ್ಲಿ ಹನ್ನೊಂದು ದಿನ

ನಮ್ಮನೆಯವರಿಗೆ ವರ್ಗವಾದ ಸುದ್ದಿ ಬಂದದ್ದು 2024ರ ನವೆಂಬರ್ ಎರಡನೇ ವಾರ. ಜನವರಿ 2ಕ್ಕೆ ಹೊಸ ಊರಿನ ಆಫೀಸಿಗೆ ಹಾಜರಾಗಬೇಕು. ಇಲ್ಲಿಂದ ಅಲ್ಲಿಗೆ 1,400 ಕಿಲೋಮೀಟರ್. ಕೈಯಲ್ಲಿ ಏಳು ವಾರ ಇದೆಯಲ್ಲ, ನಿಧಾನಕ್ಕೆ ಕಟ್ಟಿಕೊಂಡು ಹೋದರಾಯಿತು ಅಂದುಕೊಂಡೆವು.

ಮನೆ ಸಾಮಾನು ಸಾಗಿಸುವವರಿಗೆ ಮಾಡಿದ ಮೊದಲ ಫೋನಿನಲ್ಲೇ ಆ ಧೈರ್ಯ ಇಳಿಯಿತು.

"ಡಿಸೆಂಬರ್ ಕೊನೆ ವಾರನಾ ಮೇಡಂ? ಇಲ್ಲ, ಎಲ್ಲ ಬುಕ್ ಆಗಿದೆ."

ಎರಡನೆಯವರೂ ಅದನ್ನೇ ಹೇಳಿದರು. ಮೂರನೆಯವರು ನಕ್ಕರು. ಯಾಕೆ ಹೀಗೆ ಅಂತ ಆಮೇಲೆ ಹೊಳೆಯಿತು. ತಿಂಗಳ ಕೊನೆ ಅಂದರೆ ಬಾಡಿಗೆ ಮನೆಗಳು ಖಾಲಿಯಾಗುವ ಹೊತ್ತು. ಅದರ ಜೊತೆಗೆ ವರ್ಷದ ಕೊನೆ, ಮಕ್ಕಳಿಗೆ ರಜೆ. ಮನೆ ಬದಲಿಸುವವರೆಲ್ಲ ಅದೇ ವಾರಕ್ಕೆ ಮುಗಿಬೀಳುತ್ತಾರೆ. ಲಾರಿ ಓಡಿಸುವವರಿಗೂ ಸಾಮಾನು ಹೊರುವವರಿಗೂ ಹೆಂಡತಿ ಮಕ್ಕಳಿದ್ದಾರೆ. ಅವರೂ ಅದೇ ವಾರ ರಜೆ ಹಾಕುತ್ತಾರೆ. ಕೆಲಸ ದುಪ್ಪಟ್ಟು, ಕೈ ಅರ್ಧ.

ಆ ರಾತ್ರಿ ಗೋಡೆಯ ಕ್ಯಾಲೆಂಡರ್ ಇಳಿಸಿ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಯಾರ ಬಾಗಿಲು ಯಾವಾಗ ಮುಚ್ಚುತ್ತದೆ ಅಂತ ಒಂದೊಂದಾಗಿ ಗುರುತು ಹಾಕಿದೆ. ಮಗನ ಶಾಲೆಯ ಆಫೀಸು 20ರವರೆಗೆ. ಹೊಸ ಮನೆಯ ಓನರ್ 20ರಂದು ಪ್ರವಾಸಕ್ಕೆ ಹೊರಡುತ್ತಾರೆ, ಬರುವುದು ಜನವರಿ 5ಕ್ಕೆ. ಅತ್ತೆಯವರ ಬಿಪಿ ಮಾತ್ರೆಗೆ ಚೀಟಿ ಬರೆದುಕೊಡುವ ಡಾಕ್ಟರು 23ರಿಂದ ಸಿಗುವುದಿಲ್ಲ. ಇಂಟರ್ನೆಟ್ ಹಾಕುವವರು "ಹೊಸ ವರ್ಷ ಆದ ಮೇಲೆ ನೋಡೋಣ" ಅಂದರು. ಗುರುತು ಹಾಕಿ ಮುಗಿಸಿದಾಗ ನಮ್ಮ ಡಿಸೆಂಬರ್ 20ನೇ ತಾರೀಕಿಗೇ ಮುಗಿದುಹೋಗಿತ್ತು. ಲಾರಿಯನ್ನು 18ಕ್ಕೆ ಕರೆಯುವುದು ಅಂತ ತೀರ್ಮಾನವಾಯಿತು. ಹಳೆ ಮನೆಯ ಬಾಡಿಗೆಯನ್ನು ಮಾತ್ರ ತಿಂಗಳ ಕೊನೆಯವರೆಗೂ ಕಟ್ಟುವುದು. ಯಾರೂ ಇಲ್ಲದ ಮನೆಗೆ ಹತ್ತು ದಿನದ ಬಾಡಿಗೆ ದಂಡ ಅಲ್ವಾ ಅಂತ ನಮ್ಮನೆಯವರು ಗೊಣಗಿದರು. 18ರ ಲಾರಿ 19ಕ್ಕೆ ಬಂದಾಗ ಆ ಗೊಣಗಾಟ ನಿಂತಿತು.

ರೇಟು ಕೇಳಿದ್ದು ಮೂರು ಕಡೆ. ಒಬ್ಬರು ಫೋನಿನಲ್ಲೇ "ಎರಡು ಬೆಡ್‌ರೂಮಾ? ಸರಿ" ಅಂತ ಎರಡೇ ನಿಮಿಷದಲ್ಲಿ ಎಲ್ಲರಿಗಿಂತ ಕಡಿಮೆ ರೇಟು ಹೇಳಿಬಿಟ್ಟರು. ಇನ್ನೊಬ್ಬರು ವಿಡಿಯೋ ಕಾಲ್ ಮಾಡಿ ಪ್ರತಿ ಬೀರು ತೆಗೆಸಿ ನೋಡಿದರು. ಮೂರನೆಯವರು ಟೇಪು ಹಿಡಿದು ಮನೆಗೇ ಬಂದರು. ಮಂಚದ ಕೆಳಗೆ ಬಗ್ಗಿದರು, ಅಟ್ಟಕ್ಕೆ ಟಾರ್ಚ್ ಬಿಟ್ಟರು, ಲಿಫ್ಟಿನ ಬಾಗಿಲಿನ ಅಗಲ ಅಳೆದರು. ಹೊಸ ಮನೆಯಲ್ಲಿ ಎಷ್ಟನೇ ಮಹಡಿ, ಲಾರಿ ಬಾಗಿಲವರೆಗೆ ಬರುತ್ತದಾ, ಎಲ್ಲ ಕೇಳಿದರು. ನೋಡದೆ ಹೇಳಿದ ರೇಟು ನಿಜವಾದ ರೇಟಲ್ಲ. ಲೋಡ್ ಮಾಡುವ ದಿನ "ಇಷ್ಟೊಂದು ಸಾಮಾನು ಅಂತ ಹೇಳಿರಲಿಲ್ಲವಲ್ಲ" ಅಂತ ಅವರು ಶುರುಮಾಡಿದರೆ, ಅರ್ಧ ಮನೆ ಲಾರಿಯೊಳಗೆ ಇರುವಾಗ ನಾವು ಯಾರ ಹತ್ತಿರ ಜಗಳ ಆಡುವುದು? ಟೇಪು ಹಿಡಿದು ಬಂದವರಿಗೇ ಕೆಲಸ ಕೊಟ್ಟೆವು. ಅವರೂ ಮುಂದೆ ಕೈಕೊಟ್ಟರು, ಅದು ಬೇರೆ ಮಾತು.

ಅವರಿಂದ ಕಲಿತ ಒಂದು ವಿಷಯ: ಲಾರಿಯವರಿಗೆ ತೂಕಕ್ಕಿಂತ ಜಾಗದ ಚಿಂತೆ ಜಾಸ್ತಿ. ಕಬ್ಬಿಣದ ಪೆಟ್ಟಿಗೆಗಿಂತ ಬೆತ್ತದ ಕುರ್ಚಿ ದುಬಾರಿ, ಯಾಕೆಂದರೆ ಅದರ ಮೇಲೆ ಏನನ್ನೂ ಇಡುವಂತಿಲ್ಲ. ನಮ್ಮ ಸಾಮಾನು ಅರ್ಧ ಲಾರಿಗೂ ಸಾಲುತ್ತಿರಲಿಲ್ಲ. ಹಾಗಾಗಿ ಬೇರೆಯವರ ಸಾಮಾನಿನ ಜೊತೆ ಹಂಚಿಕೊಂಡು ಹೋಗುವ ಲಾರಿ ಒಪ್ಪಿಕೊಂಡೆವು. ಖರ್ಚು ಕಡಿಮೆ. ಆದರೆ ಸಾಮಾನು ನೇರವಾಗಿ ಹೋಗುವುದಿಲ್ಲ. ಮೊದಲು ಗೋಡೌನಿಗೆ ಹೋಗಿ, ಅದೇ ದಿಕ್ಕಿನ ಉಳಿದ ಗಿರಾಕಿಗಳ ಸಾಮಾನು ಸೇರುವವರೆಗೆ ಕಾದು, ಇನ್ನೊಂದು ಲಾರಿ ಹತ್ತುತ್ತದೆ.

"ಐದರಿಂದ ಏಳು ದಿನ ಮೇಡಂ," ಅಂದರು.

ನಾನು ಸುಮ್ನೆ ಬೆರಳು ಮಡಚಿದೆ. 18ಕ್ಕೆ ಏಳು ಸೇರಿಸಿದರೆ 25. ಹಬ್ಬದ ದಿನ ಇಳಿಸುತ್ತೀರಾ ಅಂತ ಕೇಳಿದೆ.

"ಅಯ್ಯೋ, ಇಲ್ಲ ಮೇಡಂ. ಅದು ವರ್ಕಿಂಗ್ ಡೇ ಲೆಕ್ಕ."

ಕರಾರಿನಲ್ಲಿ ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಅವರಿಗೆ ಶನಿವಾರ, ಭಾನುವಾರ ಲೆಕ್ಕವಿಲ್ಲ. ಕ್ರಿಸ್‌ಮಸ್ ಇಲ್ಲ, ಜನವರಿ 1 ಇಲ್ಲ. ಲೋಡ್ ಮಾಡುವ ದಿನವನ್ನೂ ಸೇರಿಸಿಕೊಂಡು ಮತ್ತೆ ಎಣಿಸಿದೆ. ಏಳು ದಿನ ಅನ್ನುವುದು ಡಿಸೆಂಬರ್ 27ಕ್ಕೆ ಹೋಗಿ ನಿಂತಿತು. ಲಾರಿ ಒಂದು ದಿನ ತಡವಾಗಿ ಬಂದದ್ದರಿಂದ ಅದು 30ಕ್ಕೆ ಜರುಗಿತು. ನೋಡಿ, ಒಂದು ದಿನ ತಡವಾದರೆ ಮೂರು ದಿನ ಮುಂದಕ್ಕೆ, ಮಧ್ಯದಲ್ಲಿ ವಾರದ ರಜೆ ಬಂತಲ್ಲ. ಬೇರೆ ತಿಂಗಳಲ್ಲಿ ಇದು ಇಷ್ಟು ಕಾಡುವುದಿಲ್ಲ. ಡಿಸೆಂಬರಿನಲ್ಲಿ ಪ್ರತಿ ತಡವೂ ಯಾವುದೋ ಒಂದು ರಜೆಗೆ ಹೋಗಿ ತಗಲಿಕೊಳ್ಳುತ್ತದೆ.

ಸಾಮಾನು ಕಡಿಮೆ ಮಾಡುವ ಕೆಲಸ ನವೆಂಬರಿನಲ್ಲೇ ಶುರುಮಾಡಿದ್ದು ಒಳ್ಳೆಯದಾಯಿತು. ಬೇಡದ್ದನ್ನು ಕೊಡೋಣ ಅಂದರೆ ವರ್ಷದ ಕೊನೆಗೆ ಎಲ್ಲರೂ ಕೊಡುವವರೇ, ತೆಗೆದುಕೊಳ್ಳುವವರ ಬಾಗಿಲಿಗೆ ಬೀಗ. ಗಿಡಗಳನ್ನು ಪಕ್ಕದ ಮನೆಯವರಿಗೆ ಕೊಟ್ಟೆವು. ಕತ್ತಲೆ ಲಾರಿಯಲ್ಲಿ ಆ ಚಳಿಗೆ ವಾರಗಟ್ಟಲೆ ಅವು ಬದುಕುವುದಿಲ್ಲ. ಉಳಿದ ಪೇಂಟು, ಥಿನ್ನರ್, ಸ್ಪ್ರೇ ಡಬ್ಬಿ, ಗ್ಯಾಸ್ ಸಿಲಿಂಡರ್, ಬೆಂಕಿಪೊಟ್ಟಣ, ಇವನ್ನು ಲಾರಿಯವರು ಮುಟ್ಟುವುದೇ ಇಲ್ಲ.

ಅಟ್ಟ ಮಾತ್ರ ಅತ್ತೆಯವರ ರಾಜ್ಯ. "ಇದು ಬೇಕಾ ಅತ್ತೆ?" ಅಂತ ನಾನು ಕೇಳುವುದು, "ಬೇಡ ಅಂದವರು ಯಾರು?" ಅಂತ ಅವರು ಹೇಳುವುದು. ಮೂರು ಸಂಜೆ ಹೀಗೇ ಹೋಯಿತು. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಸ್ಟೂಲ್ ಹಾಕಿಕೊಂಡು ಕೂತು, ಒಂದೊಂದನ್ನೂ ಕೈಗೆ ತೆಗೆದುಕೊಂಡು, ಅದು ಯಾವಾಗ ಬಂತು, ಯಾರು ತಂದರು ಅಂತ ಮೊಮ್ಮಗನಿಗೆ ಹೇಳುವುದು. ಕಥೆ ಮುಗಿದ ಮೇಲೆ ಹೆಚ್ಚಿನವನ್ನು ತಾವೇ ಬಿಟ್ಟುಕೊಟ್ಟರು. ಒಂದು ಹಳೆ ಟ್ರಂಕು ಮಾತ್ರ ಬಂತು. ಅದರೊಳಗೆ ಏನಿದೆ ಅಂತ ನಾನು ಇವತ್ತಿಗೂ ಕೇಳಿಲ್ಲ.

ಪ್ಯಾಕಿಂಗ್ ಬಗ್ಗೆ ಎಲ್ಲರೂ ಉದ್ದುದ್ದ ಬುದ್ಧಿ ಹೇಳುತ್ತಾರೆ, ನಾನು ಹೇಳುವುದಿಲ್ಲ. ಪುಸ್ತಕ ಚಿಕ್ಕ ಡಬ್ಬಕ್ಕೆ, ಬಟ್ಟೆ ದೊಡ್ಡ ಡಬ್ಬಕ್ಕೆ, ತಟ್ಟೆಗಳನ್ನು ಮಲಗಿಸದೆ ನಿಲ್ಲಿಸಿ. ಇಷ್ಟು ಗೊತ್ತಿದ್ದರೆ ಸಾಕು. ಡಬ್ಬದ ಮೇಲೆ ಅದು ಹೊಸ ಮನೆಯ ಯಾವ ಕೋಣೆಗೆ ಹೋಗಬೇಕು ಅಂತ ಬರೆಯಿರಿ, ಯಾವ ಕೋಣೆಯಿಂದ ಬಂತು ಅಂತಲ್ಲ. ಗಾಜಿನ ಸಾಮಾನನ್ನು ನಾವು ಕಟ್ಟದೆ ಅವರಿಂದಲೇ ಕಟ್ಟಿಸಿದೆವು. ನಾವು ಕಟ್ಟಿದ ಡಬ್ಬದೊಳಗೆ ಏನಾದರೂ ಒಡೆದರೆ ಪರಿಹಾರವಿಲ್ಲ ಅಂತ ಕರಾರಿನಲ್ಲೇ ಇತ್ತು. ಇನ್ಶೂರೆನ್ಸ್ ಮಾಡಿಸುವಾಗಲೂ ಒಂದು ಪ್ರಶ್ನೆ ಕೇಳಿ, ಪರಿಹಾರ ತೂಕದ ಲೆಕ್ಕದಲ್ಲಾ, ಬೆಲೆಯ ಲೆಕ್ಕದಲ್ಲಾ ಅಂತ. ತೂಕದ ಲೆಕ್ಕವಾದರೆ ಲ್ಯಾಪ್‌ಟಾಪ್ ಕಳೆದುಕೊಂಡವರಿಗಿಂತ ರುಬ್ಬುವ ಕಲ್ಲು ಕಳೆದುಕೊಂಡವರಿಗೆ ಲಾಭ.

ಫ್ರಿಜ್ಜು ಮತ್ತು ವಾಷಿಂಗ್ ಮಷಿನ್ ನಮ್ಮನೆಯವರ ಜವಾಬ್ದಾರಿ. ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ, ಐಸು ಕರಗಿಸಿ, ಒಳಗೆಲ್ಲ ಒರೆಸಿ ಬಾಗಿಲು ತೆರೆದಿಟ್ಟರು. ಅದನ್ನು ಮಲಗಿಸಿ ಸಾಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿಯುತ್ತದೆ, ಹಾಗಾಗಿ ನಿಲ್ಲಿಸಿಯೇ ಒಯ್ಯಬೇಕು. ವಾಷಿಂಗ್ ಮಷಿನ್ ಫ್ರಂಟ್ ಲೋಡ್. ಹೊಸದಾಗಿ ಬಂದಾಗ ಡ್ರಮ್ ಅಲುಗಾಡದಂತೆ ಹಿಂದೆ ಬೋಲ್ಟ್ ಹಾಕಿರುತ್ತಾರೆ. ಹೆಚ್ಚಿನವರು ಅವನ್ನು ಬಿಚ್ಚಿದ ದಿನವೇ ಕಳೆದುಬಿಡುತ್ತಾರೆ. ಇವರು ಆರು ವರ್ಷದಿಂದ ಮೊಳೆಗಳ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು! ಆ ದಿನ ಅವರ ಮುಖ ನೋಡಬೇಕಿತ್ತು. ಆಮೇಲೆ ಕೆಳಗಿನ ಫಿಲ್ಟರ್ ಬಿಚ್ಚಿ ಒಳಗೆ ಉಳಿದ ನೀರನ್ನೂ ಬಸಿದರು. ದಾರಿಯಲ್ಲಿ ಕೊರೆಯುವ ಚಳಿ ಇರುತ್ತದೆ. ನೀರು ಹೆಪ್ಪುಗಟ್ಟಿದರೆ ಸುಮಾರು 9 ಶೇಕಡಾ ಹಿಗ್ಗುತ್ತದೆ. ಪಂಪ್ ಸೀಳಲು ಅಷ್ಟು ಸಾಕು.

ಇಷ್ಟೆಲ್ಲ ಅವರ ಜಾಣತನ. ಇನ್ನು ನನ್ನದು.

ಟಿವಿಯ ಹಳೆ ಪೆಟ್ಟಿಗೆ ಇರಲಿಲ್ಲ. ಕನ್ನಡಿ ಎರಡು, ಫೋಟೋ ಫ್ರೇಮು ಐದಾರು. ಬಬಲ್ ರ್‍ಯಾಪ್ ಸಾಲದಾಯಿತು. ಆಗ ನನಗೆ ಒಂದು ಉಪಾಯ ಹೊಳೆಯಿತು. ಮನೆಯಲ್ಲಿದ್ದ ನಾಲ್ಕು ದಪ್ಪ ರಗ್ಗುಗಳನ್ನೇ ತಂದು ಟಿವಿಗೆ ಎರಡು, ಕನ್ನಡಿಗಳಿಗೆ ಎರಡು ಸುತ್ತಿಸಿದೆ. ಫ್ರೇಮುಗಳ ಮಧ್ಯೆ ಸ್ವೆಟರ್ ತುರುಕಿದೆ. ಡಬ್ಬವೂ ಉಳಿಯಿತು, ಜಾಗವೂ ಉಳಿಯಿತು. ಸಾಮಾನು ಕಟ್ಟುವ ಹುಡುಗರೂ "ಸೂಪರ್ ಮೇಡಂ" ಅಂದರು. ಉಬ್ಬಿಹೋದೆ.

19ರ ಸಂಜೆ ಲಾರಿ ಹೊರಟಿತು. ಒಟ್ಟು 47 ನಗ. ಪ್ರತಿಯೊಂದಕ್ಕೂ ನಂಬರ್ ಚೀಟಿ, ಒಂದು ಪಟ್ಟಿ ಅವರ ಹತ್ತಿರ, ಒಂದು ನಮ್ಮ ಹತ್ತಿರ. ಪಟ್ಟಿಯ ಫೋಟೋ ತೆಗೆದಿಟ್ಟುಕೊಂಡೆ. ಹಳೆ ಮನೆಯ ಕರೆಂಟು ಮೀಟರಿನ ಫೋಟೋ, ಖಾಲಿ ಗೋಡೆಗಳ ಫೋಟೋ, ಎಲ್ಲ ತೆಗೆದೆ. ಮರುದಿನ ಮನೆ ತೊಳೆದು ಬೀಗದ ಕೈ ಒಪ್ಪಿಸಿದೆವು.

ಕಾರಿನಲ್ಲಿ ಹೊರಟದ್ದು ಡಿಸೆಂಬರ್ 21ಕ್ಕೆ. ಭೂಮಿಯ ಉತ್ತರದ ಅರ್ಧದಲ್ಲಿ ವರ್ಷದಲ್ಲೇ ಅತಿ ಚಿಕ್ಕ ಹಗಲು ಅದು. ಬೆಳಕು ಹರಿದ ಮೇಲೆ ಹೊರಡುವುದು, ಕತ್ತಲಾಗುವ ಮುಂಚೆ ಗಾಡಿ ನಿಲ್ಲಿಸುವುದು ಅಂತ ಮೊದಲೇ ಮಾತಾಗಿತ್ತು. ಆದರೆ ಬೆಳಗ್ಗೆ ಮಂಜು ಕರಗುವವರೆಗೆ ಗಾಡಿ ಓಡಿಸಲಾಗದು, ಸಂಜೆ ಬೇಗನೇ ಮಬ್ಬು. ದಿನಕ್ಕೆ 700 ಕಿಲೋಮೀಟರ್ ಅಂತ ಕಾಗದದ ಮೇಲೆ ಬರೆದಿದ್ದೆವು. ಮೊದಲ ದಿನ ಆದದ್ದು 610. ಎರಡನೇ ದಿನ ಮಾತು ಮುರಿದು ಕತ್ತಲಲ್ಲೂ ಓಡಿಸಬೇಕಾಯಿತು. ಆ ಕೊನೆಯ ಎರಡು ಗಂಟೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಕಾರಿನಲ್ಲಿ ತಂದದ್ದು ಇಷ್ಟು: ದಾಖಲೆಗಳ ಫೈಲು, ಒಡವೆ, ಲ್ಯಾಪ್‌ಟಾಪ್, ಅತ್ತೆಯವರ ಒಂದು ತಿಂಗಳ ಮಾತ್ರೆ, ಎರಡು ಪಾತ್ರೆ, ನಾಲ್ಕು ತಟ್ಟೆ, ಬಕೆಟ್, ಸ್ಕ್ರೂಡ್ರೈವರ್, ಎರಡು ಬಲ್ಬು, ಎಕ್ಸ್‌ಟೆನ್ಶನ್ ಬೋರ್ಡ್, ತೆಳು ಹಾಸಿಗೆ ನಾಲ್ಕು, ಬೆಡ್‌ಶೀಟು, ಟವೆಲ್. ಹೊಸ ಮನೆಯ ಬೀಗದ ಕೈಯನ್ನು ಓನರ್ ಪಕ್ಕದ ಮನೆಯಲ್ಲಿ ಕೊಟ್ಟುಹೋಗಿದ್ದರು. ಕರೆಂಟನ್ನು ನಮ್ಮ ಹೆಸರಿಗೆ ಮಾಡಿಸುವ ಕೆಲಸ ಮೊದಲೇ ಮುಗಿದಿತ್ತು. ಬಾಗಿಲು ತೆಗೆದೆವು, ಲೈಟು ಹತ್ತಿತು, ನೀರು ಬಂತು. ಎಷ್ಟು ಚೆನ್ನಾಗಿ ಪ್ಲಾನ್ ಮಾಡಿದ್ದೀಯಮ್ಮಾ ಅಂತ ಅತ್ತೆ ಬೆನ್ನು ತಟ್ಟಿದರು.

ಒಂದು ಗಂಟೆಯ ನಂತರ ಅವರೇ ಕೇಳಿದರು.

"ರಗ್ಗು ಎಲ್ಲಿಟ್ಟಿದ್ದೀಯ?"

ನಾನು ಬಾಯಿ ತೆರೆದವಳು ಹಾಗೇ ನಿಂತೆ. ಟಿವಿ ನಮ್ಮ ರಗ್ಗು ಹೊದ್ದುಕೊಂಡು ಯಾವುದೋ ಗೋಡೌನಿನಲ್ಲಿ ಬೆಚ್ಚಗೆ ಮಲಗಿತ್ತು.

ಹೊಸ ಊರಿನ ಚಳಿ ನಮಗೆ ಹೊಸದು. ಖಾಲಿ ಮನೆಯ ಚಳಿಯಂತೂ ಇನ್ನೂ ಬೇರೆ. ಸೋಫಾ ಇಲ್ಲ, ಬೀರು ಇಲ್ಲ, ಪರದೆ ಇಲ್ಲ. ಮಾತಾಡಿದರೆ ಗೋಡೆ ತಿರುಗಿ ಮಾತಾಡುತ್ತದೆ. ಕಿಟಕಿಯ ಗಾಜಿನಿಂದ ಥಂಡಿ ಇಳಿಯುವುದು ಮೈಗೆ ಗೊತ್ತಾಗುತ್ತಿತ್ತು. ಆ ರಾತ್ರಿ ಒಂದೇ ಕೋಣೆಯಲ್ಲಿ ನಾಲ್ಕು ಹಾಸಿಗೆ ಜೋಡಿಸಿ, ಇದ್ದಬದ್ದ ಬೆಡ್‌ಶೀಟು, ಟವೆಲ್, ಜಾಕೆಟ್ ಎಲ್ಲ ಹೊದ್ದು ಮಲಗಿದೆವು. ನಡುರಾತ್ರಿ ಮಗ ಕೇಳಿದ, "ಅಮ್ಮಾ, ನಮ್ಮ ಟಿವಿಗೆ ಚಳಿ ಆಗಲ್ಲ ಅಲ್ವಾ?" ಕತ್ತಲಲ್ಲಿ ನಮ್ಮನೆಯವರು ನಗು ತಡೆದುಕೊಳ್ಳುತ್ತಿದ್ದದ್ದು ಹಾಸಿಗೆ ಅಲುಗಿದಾಗ ಗೊತ್ತಾಯಿತು.

ಮರುದಿನ ಎರಡು ಕಂಬಳಿ ಕೊಂಡು ತಂದೆವು. ನಾಲ್ಕು ಬೇಕಿತ್ತು, ಅಂಗಡಿಯಲ್ಲಿ ಉಳಿದಿದ್ದೇ ಎರಡು. ಕಿಟಕಿಗೆ ಬೆಡ್‌ಶೀಟು ಕಟ್ಟಿದೆವು. ಹಾಸಿಗೆಯ ಕೆಳಗೆ ಹಾಸಲು ರಟ್ಟು ಬೇಕು ಅಂತ ಪಕ್ಕದ ಮನೆಯವರನ್ನು ಕೇಳಿದೆ. ಫ್ರಿಜ್ಜಿನ ಪೆಟ್ಟಿಗೆಯನ್ನೇ ಕೊಟ್ಟರು. ನೆಲದ ಥಂಡಿಗೆ ರಟ್ಟಿನಂಥ ಮದ್ದಿಲ್ಲ. ನೆಲಕ್ಕೂ ಮೈಗೂ ಮಧ್ಯೆ ಅದರ ಅಲೆಯಂಥ ಮಡಿಕೆಗಳ ಒಳಗೆ ಗಾಳಿ ನಿಲ್ಲುತ್ತದೆ, ಅದೇ ತಡೆಯುವುದು.

ಮೂರು ದಿನ ಕಳೆದ ಮೇಲೆ ವಿಚಿತ್ರವಾಗಿ ಅದೇ ರೂಢಿಯಾಯಿತು. ನಾಲ್ಕು ತಟ್ಟೆ, ಎರಡು ಪಾತ್ರೆ, ತೊಳೆಯುವುದು ಐದು ನಿಮಿಷ. ಗುಡಿಸುವುದಕ್ಕೆ ಅಡ್ಡವೇ ಇಲ್ಲ. ಮಗ ಹಾಲಿನಲ್ಲಿ ಕ್ರಿಕೆಟ್ ಶುರುಮಾಡಿದ. ಒಡೆಯಲು ಏನೂ ಇಲ್ಲದ್ದರಿಂದ ನಾನೂ ಬೈಯಲಿಲ್ಲ, ಎರಡು ಓವರ್ ಬೌಲಿಂಗನ್ನೂ ಹಾಕಿದೆ. ಅತ್ತೆಗೆ ಮಾತ್ರ ಕಷ್ಟ. ನೆಲದಿಂದ ಏಳುವಾಗ ಮಂಡಿ ಹಿಡಿಯುತ್ತಿತ್ತು. ಒಂದು ಕುರ್ಚಿಯನ್ನಾದರೂ ಕಾರಿನ ಮೇಲೆ ಕಟ್ಟಿ ತರಬೇಕಿತ್ತು. ನನ್ನ ಪಟ್ಟಿಯಲ್ಲಿ ಬಲ್ಬಿತ್ತು, ಸ್ಕ್ರೂಡ್ರೈವರ್ ಇತ್ತು, ಎಪ್ಪತ್ತೆರಡು ವರ್ಷದವರ ಮಂಡಿ ಇರಲಿಲ್ಲ. ಕೊನೆಗೆ ಪಕ್ಕದ ಮನೆಯವರೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು.

27ಕ್ಕೆ ಫೋನು ಮಾಡಿದೆ. "ಲಾರಿ ಹೊರಟಿದೆ ಮೇಡಂ." 28ಕ್ಕೆ ಯಾರೂ ಎತ್ತಲಿಲ್ಲ, ಶನಿವಾರ. 30ಕ್ಕೆ "ದಾರೀಲಿ ಮಂಜು ಜಾಸ್ತಿ, ರಾತ್ರಿ ಓಡಿಸ್ತಿಲ್ಲ" ಅಂದರು. ಅದು ನಿಜವೇ ಇರಬಹುದು, ನಾವೇ ನೋಡಿದ್ದೆವಲ್ಲ. 31ಕ್ಕೆ ಡ್ರೈವರ್ ಮನೆಗೆ ಹೋಗಿದ್ದಾರೆ ಅಂತ ಗೊತ್ತಾಯಿತು. ನನಗೆ ಸಿಟ್ಟು ಬಂತು. ಫೋನಿನಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಡ್ರೈವರ್ ಮೇಲೆ ಸಿಟ್ಟಿರಲಿಲ್ಲ. 18ಕ್ಕೇ ಗೊತ್ತಿದ್ದ ರಜೆಯನ್ನು 31ಕ್ಕೆ ಹೇಳಿದವರ ಮೇಲೆ ಸಿಟ್ಟು. ಮೊದಲೇ ಹೇಳಿದ್ದರೆ ಇನ್ನೆರಡು ಕಂಬಳಿಗೆ ಬೇರೆ ಅಂಗಡಿ ಹುಡುಕುತ್ತಿದ್ದೆ.

ಜನವರಿ 2, ಗುರುವಾರ. ನಮ್ಮನೆಯವರು ಕಾರಿನ ಹಿಂದಿನ ಸೀಟಿನಲ್ಲಿ ನೇತುಹಾಕಿ ತಂದಿದ್ದ ಒಂದೇ ಒಂದು ಇಸ್ತ್ರಿ ಶರ್ಟು ತೊಟ್ಟು ಡ್ಯೂಟಿಗೆ ಹೋದರು. ಅವರು ಹೋಗಿ ಅರ್ಧ ಗಂಟೆಗೆ ಲಾರಿ ಬಂತು. ಬರುತ್ತದೆ ಅಂತ ಒಂದು ಮೆಸೇಜೂ ಇರಲಿಲ್ಲ.

ಹೊರಗೆ ನೆಲವೆಲ್ಲ ಒದ್ದೆ. ಬಾಗಿಲಿಂದ ಕೋಣೆಗಳವರೆಗೆ ಆ ಫ್ರಿಜ್ಜಿನ ಪೆಟ್ಟಿಗೆಯ ರಟ್ಟನ್ನೇ ಹಾಸಿದೆ, ಇಲ್ಲದಿದ್ದರೆ ಶೂಗಳ ಕೆಸರಿನಲ್ಲಿ ಯಾರಾದರೂ ಫ್ರಿಜ್ಜಿನ ಸಮೇತ ಜಾರುತ್ತಿದ್ದರು. ಅತ್ತೆ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕನ್ನಡಕ ಏರಿಸಿ, ಪಟ್ಟಿ ಹಿಡಿದು ಕೂತರು. ಒಂದೊಂದು ಡಬ್ಬ ಒಳಗೆ ಬಂದಾಗಲೂ ನಂಬರ್ ಕೂಗಿಸಿ ಟಿಕ್ ಹಾಕಿದರು. ನಲವತ್ತಾರು ಟಿಕ್ ಆಯಿತು.

"31 ಬಂದಿಲ್ಲ," ಅಂದರು.

ಸೂಪರ್‌ವೈಸರ್ ನಕ್ಕು, "ಬರುತ್ತೆ ಅಜ್ಜಿ, ಎಲ್ಲ ಬಂದಿದೆ ಅಂತ ಸೈನ್ ಮಾಡಿ, ಆಮೇಲೆ ನೋಡೋಣ" ಅಂದರು.

"ಬರದೆ ಇರೋದಕ್ಕೆ ಬಂದಿದೆ ಅಂತ ಹೇಗಪ್ಪಾ ಬರೆಯೋದು?"

ಅತ್ತೆ ಪೆನ್ನು ತೆಗೆದುಕೊಂಡು ರಸೀದಿಯ ಮೇಲೇ ದಪ್ಪಕ್ಷರದಲ್ಲಿ ಬರೆದರು: ಡಬ್ಬ 31 ಬಂದಿಲ್ಲ. ಕನ್ನಡಿಯ ಚೌಕಟ್ಟಿನ ಮೂಲೆ ಜಜ್ಜಿದ್ದನ್ನೂ ಬರೆಸಿದರು. ಆಮೇಲೆ ನಾನು ಸೈನ್ ಹಾಕಿದೆ. ಅದೇ ಬರಹದ ಬಲದ ಮೇಲೆ ಐದನೇ ದಿನ ಡಬ್ಬ ಸಿಕ್ಕಿತು. ನಮ್ಮ ಜೊತೆ ಲಾರಿ ಹಂಚಿಕೊಂಡ ಇನ್ನೊಬ್ಬರ ಮನೆಯಲ್ಲಿ ಇಳಿದಿತ್ತಂತೆ. ಅದರಲ್ಲಿ ಇದ್ದದ್ದು ಪರದೆಗಳು. ಅಲ್ಲಿಯವರೆಗೂ ಕಿಟಕಿಗೆ ಬೆಡ್‌ಶೀಟೇ.

ಫ್ರಿಜ್ಜನ್ನು ಗೋಡೆ ಪಕ್ಕ ನಿಲ್ಲಿಸಿ, ದಾರಿಯಲ್ಲಿ ಅಲುಗಾಡಿದ ಎಣ್ಣೆ ಕೆಳಗೆ ಕೂರಲಿ ಅಂತ ಪ್ಲಗ್ ಹಾಕದೆ ಬಿಟ್ಟೆ. ಮಂಚದ ಸ್ಕ್ರೂಗಳನ್ನು ಕವರಿನಲ್ಲಿ ಹಾಕಿ ಮಂಚದ ಹಲಗೆಗೇ ಟೇಪ್ ಹಚ್ಚಿಸಿದ್ದರಿಂದ ಅದು ಬೇಗ ಜೋಡಣೆಯಾಯಿತು. ಕೊನೆಗೆ ಟಿವಿ ಒಳಗೆ ಬಂತು. ಮಗ ಅದರ ಸುತ್ತಲೇ ಸುತ್ತುತ್ತಿದ್ದ. ಟೇಪು ಕತ್ತರಿಸಿ ಮೊದಲ ರಗ್ಗು ಬಿಚ್ಚಿದೆ, ಎರಡನೆಯದನ್ನೂ ಬಿಚ್ಚಿದೆ. ಪರದೆಯ ಗಾಜು ಮುಟ್ಟಿದರೆ ಐಸಿನಂತಿತ್ತು. ನೋಡುತ್ತಿದ್ದಂತೆ ಅದರ ಮೇಲೆ ತೆಳ್ಳಗೆ ಮಂಜು ಕಟ್ಟಿತು. ಒಳಗೂ ಹಾಗೇ ಕಟ್ಟಿರುತ್ತದೆ. ಪೂರ್ತಿ ಒಣಗುವವರೆಗೆ ಸ್ವಿಚ್ ಹಾಕುವಂತಿಲ್ಲ.

"ಇವತ್ತು ಹಾಕಲ್ವಾ?" ಮಗನ ಧ್ವನಿ ಅಳುವಿನ ಅಂಚಿಗೆ ಬಂದಿತ್ತು.

"ನಾಳೆ ಕಣೋ. ಅದಕ್ಕೂ ಚಳಿ ಬಿಡಬೇಕಲ್ಲ."

ಅವನು ಅಜ್ಜಿಯ ಕಡೆ ತಿರುಗಿದ, ದೂರು ಹೇಳಲು. ಅತ್ತೆಗೆ ಅದು ಕೇಳಿಸಲಿಲ್ಲ. ನಾನು ಬಿಚ್ಚಿ ಬಿಟ್ಟಿದ್ದ ರಗ್ಗನ್ನು, ಅದರ ತುದಿಯಲ್ಲಿ ಇನ್ನೂ ಟೇಪು ಅಂಟಿಕೊಂಡಿರುವಾಗಲೇ, ತಲೆಯವರೆಗೆ ಹೊದ್ದು ಆಗಷ್ಟೇ ಜೋಡಿಸಿದ ಮಂಚದ ಮೇಲೆ ಮಲಗಿಬಿಟ್ಟಿದ್ದರು.